ಬಗ್ ಇದ್ದರೂ ಸರಿಬರುವ ವರ್ಷಫಲ

ಮೊನ್ನೆ ಕೆಫೆಟೇರಿಯಾದಲ್ಲಿ ಊಟ ಮಾಡ್ತಾ ಟೀಮಿನ ಹುಡುಗಿಯೊಬ್ಬಳು ತುಂಬಾ ಗಂಭೀರವಾಗಿ ಹೇಳಿದಳು: "ನಂಗೆ ಈಗ ಸ್ಯಾಟರ್ನ್ ರಿಟರ್ನ್ ನಡೀತಿದೆ, ಅದಕ್ಕೇ ಇಷ್ಟೊಂದು ಗೊಂದಲ." ಪಕ್ಕದಲ್ಲಿದ್ದ ಇನ್ನಿಬ್ಬರು ಹೌದು ಹೌದು ಅಂತ ತಲೆಯಾಡಿಸಿದರು. ಇದೇ ಮೂರು ಜನ ಹೋದ ತಿಂಗಳು, ಅಡುಗೆಯವಳು ಮಗನಿಗೆ ಏಳರಾಟದ ಶನಿ ಅಂತ ಎಳ್ಳೆಣ್ಣೆ ದೀಪ ಹಚ್ಚೋಕೆ ರಜಾ ಕೇಳಿದ ಕಥೆ ಹೇಳಿಕೊಂಡು ನಕ್ಕಿದ್ದರು. ಶನಿ ಇಂಗ್ಲಿಷಿನಲ್ಲಿ ಬಂದರೆ ಸೆಲ್ಫ್ ಡಿಸ್ಕವರಿ, ಕನ್ನಡದಲ್ಲಿ ಬಂದರೆ ಮೂಢನಂಬಿಕೆ. ನಾನು ಸಾರಿಗೆ ಉಪ್ಪು ಕಮ್ಮಿ ಅಂತ ಏನೋ ಹೇಳಿ ಮಾತು ಬದಲಿಸಿದೆ.

ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೀತಿದ್ದೀನಿ. ಯಾಕಂದ್ರೆ ಈ "ರಿಟರ್ನ್" ಕುಂಡಲಿಗಳ ವಿಷಯದಲ್ಲಿ ನಾನು ಬರೀ ನೋಡುಗನಲ್ಲ, ಅಪರಾಧಿ. ಹನ್ನೆರಡು ವರ್ಷ ಅವನ್ನು ನನ್ನ ಕೈಯಾರೆ ತಯಾರಿಸಿ ಹಂಚಿದವನು.

ಮೊದಲು ಗೊತ್ತಿಲ್ಲದವರಿಗೆ ಎರಡು ಮಾತು. ರಿಟರ್ನ್ ಕುಂಡಲಿ ಅಂದ್ರೆ, ನೀವು ಹುಟ್ಟಿದಾಗ ಒಂದು ಗ್ರಹ ಆಕಾಶದಲ್ಲಿ ಯಾವ ಅಂಶ, ಕಲೆ, ವಿಕಲೆಯಲ್ಲಿತ್ತೋ ಅದೇ ಜಾಗಕ್ಕೆ ಅದು ಮತ್ತೆ ಬರುವ ಕ್ಷಣಕ್ಕೆ ಹಾಕುವ ಕುಂಡಲಿ. ಶನಿಗೆ ಸುಮಾರು 29 ವರ್ಷ ಐದೂವರೆ ತಿಂಗಳು ಬೇಕು, ಗುರುವಿಗೆ 12 ವರ್ಷಕ್ಕೆ ಸ್ವಲ್ಪ ಕಮ್ಮಿ. ಸೂರ್ಯನಿಗೆ ಒಂದು ವರ್ಷ. ಸೂರ್ಯನದ್ದನ್ನೇ ನಮ್ಮಲ್ಲಿ ವರ್ಷಕುಂಡಲಿ ಅನ್ನೋದು, ಅದರಿಂದ ಹೇಳೋದು ವರ್ಷಫಲ. ಪ್ರತಿ ಹುಟ್ಟುಹಬ್ಬಕ್ಕೆ ಹೊಸದೊಂದು ಕುಂಡಲಿ, ಒಂದು ವರ್ಷದ ವ್ಯಾಲಿಡಿಟಿ, ಆಮೇಲೆ ರೀಚಾರ್ಜ್.

ಬಿಇ ಮೂರನೇ ವರ್ಷದಲ್ಲಿ ನಾನು ಇದಕ್ಕೊಂದು ಪ್ರೋಗ್ರಾಮು ಬರೆದೆ. ನಮ್ಮೂರು ತಿಪಟೂರಿನಿಂದ ಒಳಗೆ. ತೆಂಗು, ರಾಗಿ, ಬತ್ತಿದ ಬೋರ್‌ವೆಲ್ಲು. ಊರ ಜೋಯಿಸರು ವರ್ಷಫಲ ಬರೆದುಕೊಡೋಕೆ ಎರಡು ದಿನ ತಗೋತಿದ್ದರು, ಕಣ್ಣು ಬೇರೆ ಮಂಜಾಗಿತ್ತು. ಅವರ ಹಳೇ ಪುಸ್ತಕ ತಂದು ನೋಡಿದರೆ ಲೆಕ್ಕ ಬಹಳ ಸುಲಭ. ಒಂದು ವರ್ಷ ಅಂದ್ರೆ 365 ದಿನ, 15 ಘಟಿ, 31 ಪಲ, 30 ವಿಪಲ. ತುಂಬಿದ ವಯಸ್ಸಿನಿಂದ ಗುಣಿಸು, ಹುಟ್ಟಿದ ಸಮಯಕ್ಕೆ ಕೂಡಿಸು, ಆ ಕ್ಷಣದ ಲಗ್ನ ಕಟ್ಟು. ಒಂದು ಗುಣಾಕಾರ, ಒಂದು ಸಂಕಲನ. ಆಮೇಲೆ ಮುಂಥಾ ಅನ್ನೋ ಒಂದು ಬಿಂದು ಇದೆ, ಅದು ಜನ್ಮಲಗ್ನದಿಂದ ಹೊರಟು ವರ್ಷಕ್ಕೊಂದು ರಾಶಿ ದಾಟುತ್ತೆ. ವರ್ಷಲಗ್ನದಿಂದ ಅದು ಎಷ್ಟನೇ ಮನೆ ಅಂತ ಎಣಿಸಬೇಕು. ಒಂಬತ್ತು, ಹತ್ತು, ಹನ್ನೊಂದು ಉತ್ತಮ. ನಾಲ್ಕು, ಆರು, ಏಳು, ಎಂಟು, ಹನ್ನೆರಡು ಕೆಟ್ಟದ್ದು. ಮಿಕ್ಕಿದ್ದು ಪರವಾಗಿಲ್ಲ.

ಪುಸ್ತಕದಲ್ಲಿದ್ದ ಫಲಗಳನ್ನೆಲ್ಲ ನುಡಿಯಲ್ಲಿ ಕೂತು ಟೈಪ್ ಮಾಡಿದೆ. ಹನ್ನೆರಡು ಮನೆಗೆ ಹನ್ನೆರಡು ಸಾಲು. ಎಂಟನೇ ಮನೆಗೆ ನಾನು ಟೈಪ್ ಮಾಡಿದ್ದು ಈಗಲೂ ಬಾಯಿಗೆ ಬರುತ್ತೆ: ಆರೋಗ್ಯ ಹಾನಿ, ಶಸ್ತ್ರಭಯ, ಧನವ್ಯಯ.

ಹಾಸ್ಟೆಲಿನ ಹುಡುಗರಿಂದ ಶುರುವಾಗಿ ಊರಿನವರು, ನೆಂಟರು, ಕೆಲಸಕ್ಕೆ ಸೇರಿದ ಮೇಲೆ ಕಲೀಗ್‌ಗಳು. ದುಡ್ಡು ತಗೊಳ್ಳಲಿಲ್ಲ, ಹೆಸರು ಬಂತು. "ಎಷ್ಟು ಕರೆಕ್ಟಾಗಿ ಬಂದಿದೆ ನೋಡಿ" ಅಂತ ಹೇಳದೆ ಹೋದವರನ್ನು ಬೆರಳಲ್ಲಿ ಎಣಿಸಬಹುದು. ಪ್ರತಿ ಪ್ರಿಂಟಿನ ತಲೆಯ ಮೇಲೆ ವರ್ಷಪ್ರವೇಶದ ಸಮಯ ಗಂಟೆ, ನಿಮಿಷ, ಸೆಕೆಂಡು ಸಮೇತ ಇರ್ತಿತ್ತು. ಆ ಸೆಕೆಂಡಿನ ಮೇಲೆ ನನಗೆ ಬಹಳ ಹೆಮ್ಮೆ.

ಅಪ್ಪನಿಗೆ 61 ತುಂಬಿದ ಕಾರ್ತಿಕದಲ್ಲೂ ಎಂದಿನಂತೆ ಪ್ರಿಂಟ್ ಕೊಟ್ಟೆ. ಮುಂಥಾ ಎಂಟನೇ ಮನೆ. ಜನವರಿಯಲ್ಲಿ ಅಪ್ಪನ ತೊಡೆಸಂದಿಯಲ್ಲಿ ಗಡ್ಡೆ ಕಂಡು ಡಾಕ್ಟರಿಗೆ ತೋರಿಸಿದರು. ಹರ್ನಿಯಾ, ಸಣ್ಣ ಆಪರೇಷನ್ನು, ತಿಂಗಳೊಳಗೆ ಮಾಡಿಸಿಬಿಡಿ ಅಂದರು. ಅಪ್ಪ ಮನೆಗೆ ಬಂದು ಆ ಕಾಗದ ತೆಗೆದರು. ಶಸ್ತ್ರಭಯ ಅಂತ ಇದೆ, ಡಾಕ್ಟರು ಹೇಳ್ತಿರೋದು ಶಸ್ತ್ರಚಿಕಿತ್ಸೆ. ಅಪ್ಪನಿಗೆ ಇನ್ನೇನು ಬೇಕು? ಯಾವುದೋ ಕಾಲದ ರಾಜನೊಬ್ಬ ಯುದ್ಧಕ್ಕೆ ಹೋಗೋ ಮುಂಚೆ ಕೇಳಿಸಿಕೊಳ್ಳೋ ಪದ ಅದು. ನಾನು ಅರ್ಥ ಯೋಚನೆ ಮಾಡದೆ ಕಾಪಿ ಮಾಡಿದ್ದೆ. ಅಪ್ಪ ಅರ್ಥ ಮಾಡಿಕೊಂಡು ಓದಿದರು. ಮುಂದಿನ ಹುಟ್ಟುಹಬ್ಬ ಕಳೆದ ಮೇಲೆ ಮಾಡಿಸೋಣ ಅಂತ ತೀರ್ಮಾನ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಜೋಯಿಸರು ಬೇಡ ಅನ್ನಲಿಲ್ಲ. "ಶಾಸ್ತ್ರ ಇರ್ಲಿ ಕಣಪ್ಪ, ಡಾಕ್ಟ್ರು ಹೇಳವ್ರೆ ಅಂದ್ಮೇಲೆ ಒಂದು ಹೋಮ ಮಾಡ್ಸಿ ಹೋಗ್ಬಿಡು" ಅಂದರಂತೆ. ಎಷ್ಟಾದರೂ ಊರಲ್ಲೇ ಬದುಕಬೇಕಾದ ಮನುಷ್ಯ, ಎದುರಿಗಿರೋರ ಮುಖ ನೋಡಿ ಮಾತಾಡ್ತಾರೆ. ಅವರ ಬಾಯಿಮಾತನ್ನು ಅಪ್ಪ ಯಾವಾಗಲೂ ಅರ್ಧ ನಂಬಿ ಅರ್ಧ ಬಿಡ್ತಿದ್ದರು. ಆದರೆ ಇದು ಕಂಪ್ಯೂಟರಿನದ್ದು. ಸೆಕೆಂಡಿನವರೆಗೂ ಲೆಕ್ಕ ಇದೆ. ಮೇಲಾಗಿ ಇಂಜಿನಿಯರ್ ಮಗ ಮಾಡಿದ್ದು. ಫೋನಿನಲ್ಲಿ ನಾನು "ಅದೆಲ್ಲ ಏನಿಲ್ಲಪ್ಪ, ಮಾಡಿಸ್ಕೊಂಡ್ಬಿಡಿ" ಅಂದೆ. "ಏನಿಲ್ಲ ಅಂದ್ರೆ ಯಾಕ್ಲಾ ಪ್ರಿಂಟ್ ಕೊಟ್ಟೆ?" ಅಂದರು. ರಿಲೀಸ್ ಹತ್ತಿರ ಇತ್ತು, ಮಾತು ಅಲ್ಲಿಗೇ ಬಿಟ್ಟೆ.

ಆಗಸ್ಟಿನ ಒಂದು ರಾತ್ರಿ ಕರುಳು ಸಿಕ್ಕಿಕೊಂಡಿತು. ವಾಂತಿ, ತಡೆಯಲಾರದ ನೋವು. ಆ್ಯಂಬುಲೆನ್ಸ್ ಬಂದು ತುಮಕೂರು ಸೇರೋ ಹೊತ್ತಿಗೆ ಬೆಳಗಿನ ಜಾವ. ಸಿಕ್ಕಿಕೊಂಡ ಭಾಗಕ್ಕೆ ರಕ್ತ ಹೋಗದೆ ಕಪ್ಪಾಗಿತ್ತು, ಕತ್ತರಿಸಿ ತೆಗೆದು ಜೋಡಿಸಿದರು. ಒಂದೇ ದಿನದಲ್ಲಿ ಮನೆಗೆ ಬರಬಹುದಾಗಿದ್ದ ಮನುಷ್ಯ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಬದುಕಿದ್ದಾರೆ. ಆದರೆ ಗುದ್ದಲಿ ಹಿಡಿಯೋ ಹಾಗಿಲ್ಲ, ತೋಟ ಗುತ್ತಿಗೆಗೆ ಕೊಟ್ಟಿದ್ದೇವೆ.

ನೆಂಟರು ನೋಡೋಕೆ ಬಂದರು. ಒಬ್ಬರಲ್ಲ ಇಬ್ಬರಲ್ಲ, ಬಂದವರೆಲ್ಲ ನನ್ನ ಬೆನ್ನು ತಟ್ಟಿ ಹೇಳಿದ್ದು ಒಂದೇ ಮಾತು: "ನಿನ್ನ ಕಾಗದದಲ್ಲಿ ಇದ್ದಂಗೇ ಆಯ್ತಲ್ಲಪ್ಪ!" ಆರೋಗ್ಯ ಹಾನಿ ಆಯಿತು. ಕತ್ತಿ ಬಿತ್ತು. ದುಡ್ಡು ಹೋಯಿತು. ಮೂರಕ್ಕೆ ಮೂರು. ಭವಿಷ್ಯವೇ ಆಪರೇಷನ್ ತಡ ಮಾಡಿಸಿ, ಆ ತಡವೇ ಭವಿಷ್ಯವನ್ನು ನಿಜ ಮಾಡಿತು. ಇದಕ್ಕಿಂತ ಬಲವಾದ ಸಾಕ್ಷಿ ಜ್ಯೋತಿಷಕ್ಕೆ ಇನ್ನೆಲ್ಲಿ ಸಿಗಬೇಕು!

ಆ ವಾರ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು, ಬೇರೇನೂ ಮಾಡೋಕಾಗದೆ, ನನ್ನ ಹಳೇ ಕೋಡ್ ತೆಗೆದು ಸಾಲು ಸಾಲು ಓದಿದೆ. ಬಗ್ ಸಿಕ್ಕಿತು.

ಆ 365 ದಿನ 15 ಘಟಿ 31 ಪಲ 30 ವಿಪಲ ಸೂರ್ಯಸಿದ್ಧಾಂತದ ಪರಂಪರೆಯ ವರ್ಷಮಾನ. ದಶಾಂಶದಲ್ಲಿ 365.25875 ದಿನ. ನಕ್ಷತ್ರಗಳಿಗೆ ಹೋಲಿಸಿ ಇವತ್ತು ಅಳೆದ ವರ್ಷ 365.25636 ದಿನ. ವ್ಯತ್ಯಾಸ ವರ್ಷಕ್ಕೆ ಮೂರೂವರೆ ನಿಮಿಷಕ್ಕೂ ಕಮ್ಮಿ. ಅಷ್ಟು ಹಿಂದೆ, ಯಾವ ಟೆಲಿಸ್ಕೋಪೂ ಇಲ್ಲದೆ, ಅಷ್ಟು ಹತ್ತಿರ ಬಂದಿದ್ದರಲ್ಲ, ಅವರಿಗೆ ಕೈ ಮುಗಿಯಬೇಕು. ಇದನ್ನು ವ್ಯಂಗ್ಯವಾಗಿ ಹೇಳ್ತಿಲ್ಲ. ಆದರೆ ನನ್ನ ಪ್ರೋಗ್ರಾಮು ಆ ಮೂರೂವರೆ ನಿಮಿಷವನ್ನು ಪ್ರತಿ ವರ್ಷ ಕೂಡಿಸ್ತಾ ಹೋಗುತ್ತಲ್ಲ? 61 ವರ್ಷಕ್ಕೆ ಅದು ಮೂರೂವರೆ ಗಂಟೆ. ಲಗ್ನ ಸುಮಾರು ಎರಡು ಗಂಟೆಗೊಂದು ರಾಶಿ ಬದಲಾಗುತ್ತೆ. ಆಧುನಿಕ ಗಣಿತದಲ್ಲಿ ಸೂರ್ಯ ಅದೇ ಬಿಂದುವಿಗೆ ಬಂದ ನಿಜವಾದ ಕ್ಷಣಕ್ಕೆ ಹಾಕಿ ನೋಡಿದರೆ ಅಪ್ಪನ ವರ್ಷಲಗ್ನ ಎರಡು ರಾಶಿ ಹಿಂದೆ ಬಂತು. ಮುಂಥಾ ಎಂಟನೇ ಮನೆಯಲ್ಲಿ ಇಲ್ಲವೇ ಇಲ್ಲ. ಹತ್ತರಲ್ಲಿ. ಅದಕ್ಕೆ ನಾನೇ ಟೈಪ್ ಮಾಡಿದ್ದ ಫಲ: ರಾಜಸನ್ಮಾನ, ಕಾರ್ಯಸಿದ್ಧಿ, ಶರೀರಸೌಖ್ಯ.

"ಹಾಗಿದ್ರೆ ನಿನ್ನ ಲೆಕ್ಕ ತಪ್ಪು, ಶಾಸ್ತ್ರ ಅಲ್ಲ" ಅಂತ ನೀವು ಈಗಾಗಲೇ ಮನಸ್ಸಲ್ಲಿ ಅಂದುಕೊಂಡಿದ್ದರೆ, ಸ್ವಲ್ಪ ನಿಲ್ಲಿ. ನಾನೂ ಅಲ್ಲೇ ಎರಡು ದಿನ ನಿಂತಿದ್ದೆ. ಮೂರನೇ ದಿನ ಹೊಳೆದದ್ದು ಇದು: ಹನ್ನೆರಡು ವರ್ಷ ನೂರಾರು ಜನರಿಗೆ ತಪ್ಪು ಕುಂಡಲಿ ಕೊಟ್ಟಿದ್ದೀನಿ, ಒಬ್ಬನೇ ಒಬ್ಬ ಬಗ್ ರಿಪೋರ್ಟ್ ಮಾಡಲಿಲ್ಲ. ನಾವು ದಿನಾ ಮಾಡೋ ಕೆಲಸದಲ್ಲಿ ಇಂಥದ್ದು ಸಾಧ್ಯವಾ? ಇಂಟರೆಸ್ಟ್ ರೇಟಿನಲ್ಲಿ ಒಂದು ಕಾನ್‌ಸ್ಟಂಟ್ ತಪ್ಪಾದರೆ ಮಾರನೇ ದಿನವೇ ಕಸ್ಟಮರ್ ಕಿರುಚುತ್ತಾನೆ. ಮ್ಯಾಪಿನಲ್ಲಿ ತಪ್ಪಾದರೆ ಡ್ರೈವರ್ ಕೆರೆ ಏರಿ ಮೇಲೆ ನಿಂತು ಫೋನ್ ಮಾಡ್ತಾನೆ. ಇಲ್ಲಿ ಇನ್‌ಪುಟ್ ಏನೇ ಕೊಡಿ, ಮಧ್ಯದ ಲೆಕ್ಕ ಏನೇ ಇರಲಿ, ಯೂಸರ್ ಖುಷಿಯಾಗೇ ಇರ್ತಾನೆ. ಯಾವ ಪ್ರೋಗ್ರಾಮಿನಲ್ಲಿ ಬಗ್ ಇದ್ದರೂ ಇಲ್ಲದಿದ್ದರೂ ಫಲಿತಾಂಶ ಒಂದೇ ಥರ "ಸರಿ" ಬರುತ್ತೋ, ಆ ಪ್ರೋಗ್ರಾಮು ಏನನ್ನೂ ಲೆಕ್ಕ ಹಾಕ್ತಾ ಇಲ್ಲ ಅಂತ ಅರ್ಥ.

ಇದನ್ನು ನಮ್ಮ ದೊಡ್ಡಪ್ಪನಿಗೆ ಹೇಳಿದೆ. ಅಸಲಿಗೆ ಮುಂಥಾ ಹತ್ತರಲ್ಲಿತ್ತು, ಒಳ್ಳೇ ವರ್ಷ ಅಂತ ಬರಬೇಕಿತ್ತು ಅಂತ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಅದಕ್ಕೇ ಮತ್ತೆ ಜೀವ ಉಳೀತು!" ಅಂದರು.

ಈಗ ಆ ಹುಟ್ಟಿದ ಸಮಯದ ಮಾತು. ಅಪ್ಪ ಹುಟ್ಟಿದ್ದು ಯಾವಾಗ ಅಂತ ಅಜ್ಜಿಯನ್ನು ಕೇಳಿದ್ದೆ. "ದನ ಕೊಟ್ಟಿಗೆಗೆ ಬಂದಿದ್ವು, ಇನ್ನೂ ದೀಪ ಹಚ್ಚಿರ್ನಿಲ್ಲ" ಅಂದಿದ್ದರು. ಒಂದು ವಿಪಲ ಅಂದ್ರೆ ಸೆಕೆಂಡಿನ ಹತ್ತು ಭಾಗದಲ್ಲಿ ನಾಲ್ಕು. ದನ ಕೊಟ್ಟಿಗೆಗೆ ಬಂದ ಹೊತ್ತಿಗೆ ನಾನು ವಿಪಲ ಕೂಡಿಸ್ತಿದ್ದೆ! ನಮ್ಮ ಕಡೆ ಶಾಲೆಗೆ ಸೇರಿದವರಲ್ಲಿ ಅರ್ಧ ಜನರ ಹುಟ್ಟಿದ ದಿನ ಜೂನ್ 1, ಹೆಡ್‌ಮಾಸ್ಟರ ಕೃಪೆ. ಆಸ್ಪತ್ರೆಯಲ್ಲಿ ಹುಟ್ಟಿದ ನಿಮ್ಮ ಸಮಯವೂ ನರ್ಸ್ ಕೈ ತೊಳೆದು ಬಂದ ಮೇಲೆ ಗೋಡೆ ಗಡಿಯಾರ ನೋಡಿ ಬರೆದದ್ದೇ ಇರಬೇಕು. ಅದರ ಮೇಲೆ ಆ್ಯಪ್ ನಿಮಗೆ ವಿಕಲೆಯವರೆಗೂ ತೋರಿಸುತ್ತೆ. ಸೂಕ್ಷ್ಮವಾಗಿ ಅಳೆಯೋದು ಬೇರೆ, ಸರಿಯಾಗಿ ಅಳೆಯೋದು ಬೇರೆ ಅಂತ ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬಿನಲ್ಲಿ ವರ್ನಿಯರ್ ಕೈಗೆ ಕೊಟ್ಟು ಹೇಳಿಸಿಕೊಂಡವರೇ ನಾವೆಲ್ಲ.

ಇಷ್ಟಾದರೂ ಇದು ಒಂದು ಕಾನ್‌ಸ್ಟಂಟಿನ ಕಥೆ. ಪಾಶ್ಚಾತ್ಯರ ಸೋಲಾರ್ ರಿಟರ್ನ್ ಸಾಮಾನ್ಯವಾಗಿ ಸಾಯನ, ಅಂದ್ರೆ ವಿಷುವದ್ಬಿಂದುವಿನಿಂದ ಎಣಿಸೋದು. ಆ ಬಿಂದುವೇ ವರ್ಷಕ್ಕೆ ಸುಮಾರು 50 ವಿಕಲೆ ಹಿಂದೆ ಸರಿಯುತ್ತೆ. ಉತ್ತರಾಯಣ ಡಿಸೆಂಬರಿನಲ್ಲಿ ಶುರುವಾದರೂ ನಾವು ಎಳ್ಳುಬೆಲ್ಲ ಬೀರೋದು ಜನವರಿಯಲ್ಲಿ, ಅದಕ್ಕೆ ಇದೇ ಕಾರಣ. ಹಾಗಾಗಿ ಅವರ ವರ್ಷ ನಿರಯಣದ ವರ್ಷಕ್ಕಿಂತ 20 ನಿಮಿಷ ಚಿಕ್ಕದು. ನಿಮಗೆ 30 ಆಗಿದ್ದರೆ ಎರಡೂ ಪದ್ಧತಿಯ "ರಿಟರ್ನ್" ಕ್ಷಣಗಳ ನಡುವೆ ಹತ್ತು ಗಂಟೆ. ಐದು ಲಗ್ನ ಆಚೆ ಈಚೆ. ಇನ್ನು ಕುಂಡಲಿ ಹುಟ್ಟಿದ ಊರಿಗೆ ಹಾಕಬೇಕಾ ಈಗಿರೋ ಊರಿಗಾ ಅನ್ನೋದರಲ್ಲೂ ಒಮ್ಮತ ಇಲ್ಲ. ತಿಪಟೂರಿಗೆ ಹಾಕಿದರೆ ಬರೋ ಲಗ್ನಕ್ಕೂ, ಅದೇ ಕ್ಷಣಕ್ಕೆ ಸ್ಯಾನ್ ಹೋಸೆಗೆ ಹಾಕಿದರೆ ಬರೋದಕ್ಕೂ ಹೆಚ್ಚುಕಮ್ಮಿ ಆರೇಳು ರಾಶಿ ದೂರ. ಅಲ್ಲಿ ಎರಡನೇ ಮನೆ, ಇಲ್ಲಿ ಎಂಟನೇ ಮನೆ. ಹುಟ್ಟುಹಬ್ಬದ ದಿನ ಯಾವ ಊರಲ್ಲಿದ್ದರೆ ಒಳ್ಳೇ ವರ್ಷ ಸಿಗುತ್ತೆ ಅಂತ ಲೆಕ್ಕ ಹಾಕಿ ಕಳಿಸುವವರು ಯುರೋಪಿನಲ್ಲಿದ್ದಾರೆ. ನಮ್ಮ ಆಫೀಸಿನಲ್ಲಿ ಒಬ್ಬ ಅದಕ್ಕೇ ದುಬೈಗೆ ಟಿಕೆಟ್ ಬುಕ್ ಮಾಡಿದ್ದ. ಗ್ರಹಗತಿಯನ್ನು ಇಂಡಿಗೋದಲ್ಲಿ ತಪ್ಪಿಸಿಕೊಳ್ಳಬಹುದು ಅಂತಾದರೆ ಅದನ್ನು ವಿಧಿ ಅಂತ ಯಾಕೆ ಕರೀಬೇಕೋ.

ಇಲ್ಲಿಗೆ "ನಮ್ಮ ಋಷಿಗಳು ಸಾವಿರಾರು ವರ್ಷದ ಹಿಂದೆಯೇ" ಅನ್ನೋ ವಾಟ್ಸಾಪ್ ಅಂಕಲ್‌ಗಳು ಬರ್ತಾರೆ. ವರ್ಷಫಲದ ಪದ್ಧತಿಗೆ ಹೆಸರೇ ತಾಜಿಕ. ಪರ್ಷಿಯನ್ನರು, ಅರಬರ ಕಡೆಯಿಂದ ಬಂದದ್ದು ಅನ್ನೋದು ಹೆಸರಲ್ಲೇ ಇದೆ. ಮುಂಥಾ ಅರಬ್ಬಿಯ ಮುಂತಹಾ. ಇತ್ಥಶಾಲ ಅನ್ನೋ ಯೋಗ ಅರಬ್ಬಿಯ ಇತ್ತಿಸಾಲ್. ಸಹಮ ಅರಬ್ಬಿಯ ಸಹ್ಮ್. ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನ ಅಬೂ ಮಅಶರ್ ಈ ವರ್ಷಾವರ್ತನೆಗಳ ಮೇಲೇ ಒಂದು ದೊಡ್ಡ ಗ್ರಂಥ ಬರೆದ. ನಮ್ಮವರು ಇವತ್ತೂ ಪ್ರಮಾಣ ಅಂತ ಇಟ್ಟುಕೊಂಡಿರೋ ತಾಜಿಕ ನೀಲಕಂಠೀ ಬರೆದ ನೀಲಕಂಠ ಅಕ್ಬರನ ಆಸ್ಥಾನದವನು, ವರ್ಷ 1587. ಹೊರಗಿನಿಂದ ಬಂತು ಅನ್ನೋದು ನನಗೆ ದೂರೇ ಅಲ್ಲ. ಮೆಣಸಿನಕಾಯಿಯೂ ಹೊರಗಿನದ್ದೇ. ಶುದ್ಧ ವೈದಿಕ ಅಂತ ಲೇಬಲ್ ಹಚ್ಚಿ ಮಾರಬೇಡಿ ಅಷ್ಟೆ.

ವ್ಯಾಖ್ಯಾನದ ಕಡೆಗೆ ಬಂದರೆ ಅದು ಇನ್ನೊಂದು ಸಮುದ್ರ. ವರ್ಷಾಧಿಪತಿ ಪಟ್ಟಕ್ಕೆ ಐದು ಅಭ್ಯರ್ಥಿಗಳು, ಅವರಿಗೆ ಬಲದ ಮಾರ್ಕ್ಸು. ಗ್ರಹ ಗ್ರಹದ ನಡುವೆ ಹದಿನಾರು ಯೋಗ. ಮೇಲಿಂದ ಐವತ್ತರಷ್ಟು ಸಹಮ: ವಿವಾಹ ಸಹಮ, ರೋಗ ಸಹಮ, ಮೃತ್ಯು ಸಹಮ, ಪರದೇಶ ಸಹಮ (ಎಚ್‌ಒನ್‌ಬಿಗೆ ಇದನ್ನೇ ನೋಡೋದು). ಮಷೀನ್ ಲರ್ನಿಂಗ್ ಮಾಡೋ ಗೆಳೆಯರಿಗೆ ಹೆಚ್ಚು ಹೇಳಬೇಕಿಲ್ಲ. ಒಂದು ವರ್ಷದಲ್ಲಿ ನಡೆಯೋ ನಾಲ್ಕು ಘಟನೆಗೆ ನೂರು ಪ್ಯಾರಾಮೀಟರು. ಘಟನೆ ನಡೆದ ಮೇಲೆ ಯಾವುದಕ್ಕೂ ಒಂದು ಕಾರಣ ಸಿಕ್ಕೇ ಸಿಗುತ್ತೆ, ನಮ್ಮ ದೊಡ್ಡಪ್ಪನಿಗೆ ಸಿಕ್ಕ ಹಾಗೆ. ಬರೀ ಮುಂಥಾ ಒಂದನ್ನೇ ನೋಡಿದರೂ ಹನ್ನೆರಡರಲ್ಲಿ ಐದು ಮನೆ ಕೆಟ್ಟದ್ದು, ಅಂದ್ರೆ ಐದು ವರ್ಷದಲ್ಲಿ ಎರಡು ವರ್ಷ ನೀವು ಹೆದರಿಕೊಂಡೇ ಇರಬೇಕು. ಏಳರಾಟದ ಶನಿ ಅಂತೂ ಏಳೂವರೆ ವರ್ಷ. ಇಪ್ಪತ್ತೊಂಬತ್ತೂವರೆಗೆ ಏಳೂವರೆ, ಆಯುಸ್ಸಿನ ಕಾಲು ಭಾಗ. ನಿಮ್ಮ ಮೆಟ್ರೋ ಬೋಗಿಯಲ್ಲಿ ನಾಲ್ವರಲ್ಲಿ ಒಬ್ಬರಿಗೆ ಈಗ ನಡೀತಾ ಇದೆ.

ಮತ್ತೆ ಆ ಸ್ಯಾಟರ್ನ್ ರಿಟರ್ನ್? ಶನಿ ಒಂದು ರಾಶಿಯಲ್ಲಿ ಎರಡೂವರೆ ವರ್ಷ ಇರ್ತಾನೆ. ನಮ್ಮ ಸೆಕ್ಷನ್ನಿನ ಅರವತ್ತು ಜನರಿಗೂ ಹೆಚ್ಚುಕಮ್ಮಿ ಒಂದೇ ವರ್ಷದಲ್ಲಿ ರಿಟರ್ನ್ ಆಗಿದೆ. ಒಬ್ಬನಿಗೆ ಮದುವೆಯಾಯಿತು, ಒಬ್ಬನಿಗೆ ಮುರಿಯಿತು, ಒಬ್ಬ ಕೆನಡಾಗೆ ಹೋದ, ಒಬ್ಬ ಕೆನಡಾದಿಂದ ಬಂದ. ಇಪ್ಪತ್ತೊಂಬತ್ತಕ್ಕೆ ಬೆಂಗಳೂರಲ್ಲಿ ಮನೆಯವರು ಮದುವೆ ಮದುವೆ ಅಂತಾರೆ, ಮ್ಯಾನೇಜರು ಲೀಡ್ ಆಗು ಅಂತಾನೆ, ಅಪಾರ್ಟ್‌ಮೆಂಟಿನ ಇಎಮ್‌ಐ ಶುರುವಾಗುತ್ತೆ. ಗೊಂದಲ ಆಗದೆ ಇನ್ನೇನು? ಶನಿಯನ್ನು ಕರೆಯೋದು ಯಾಕೆ, ಬ್ಯಾಂಕಿನವರು ಸಾಲದೇ?

ಇದನ್ನು ಪರೀಕ್ಷೆ ಮಾಡಿಯೇ ಇಲ್ಲ ಅಂತಲೂ ಅಲ್ಲ. ಜಯಂತ್ ನಾರ್ಳೀಕರ್ ಮತ್ತು ಜೊತೆಯವರು ಮಹಾರಾಷ್ಟ್ರದಲ್ಲಿ, ಓದಿನಲ್ಲಿ ಮುಂದಿದ್ದ ನೂರು ಮಕ್ಕಳು ಮತ್ತು ಬುದ್ಧಿಮಾಂದ್ಯರಾದ ನೂರು ಮಕ್ಕಳ ಜಾತಕ ತಗೊಂಡು, ಯಾವುದು ಯಾರದ್ದು ಹೇಳಿ ಅಂತ ಜ್ಯೋತಿಷಿಗಳನ್ನೇ ಕೇಳಿದರು. ತಲಾ ನಲವತ್ತು ಜಾತಕ ನೋಡಿ ಉತ್ತರ ಕಳಿಸಿದವರು 27 ಮಂದಿ, ಸರಿ ಬಂದದ್ದು ನೂರಕ್ಕೆ 46. ನಾಣ್ಯ ಚಿಮ್ಮಿದ್ದರೆ ಐವತ್ತು ಬರ್ತಿತ್ತು. 2009ರಲ್ಲಿ ಕರೆಂಟ್ ಸೈನ್ಸ್‌ನಲ್ಲಿ ಬಂತು, ಅದೂ ನಮ್ಮ ಬೆಂಗಳೂರಿನಿಂದಲೇ ಹೊರಡೋ ಪತ್ರಿಕೆ. ಅದು ಜನ್ಮಜಾತಕ, ವರ್ಷಕುಂಡಲಿ ಅಲ್ಲ ಅಂತ ಹೇಳಬಹುದು ನೀವು. ಹೇಳಿ. ಆದರೆ ವರ್ಷಕುಂಡಲಿ ನಿಂತಿರೋದೇ ಜನ್ಮಜಾತಕದ ಮೇಲೆ.

ನನಗೆ ಸಿಟ್ಟು ಜೋಯಿಸರ ಮೇಲಲ್ಲ. ಸಿಟ್ಟು ನಮ್ಮ ಮೇಲೆ. ಈಗ ಆ್ಯಪ್ ಮಾಡಿ, ಚಂದದ ಕಪ್ಪು ಸ್ಕ್ರೀನಿನ ಮೇಲೆ ಚಿನ್ನದ ಬಣ್ಣದ ಗೆರೆ ಎಳೆದು, ನಿಮಿಷಕ್ಕಿಷ್ಟು ಅಂತ ಚಾರ್ಜ್ ಮಾಡೋ ಹಾಗೆ ಪೇಮೆಂಟ್ ಗೇಟ್‌ವೇ ಜೋಡಿಸ್ತಿರೋರು ಯಾರು? ನಮ್ಮಂಥವರೇ. ಗ್ರಹದ ಸ್ಥಾನಕ್ಕೆ ಒಂದು ಒಳ್ಳೇ ಲೈಬ್ರರಿ, ಅದು ನಿಜಕ್ಕೂ ಸರಿ. ಅದರ ಕೆಳಗೆ ಫಲದ ಟೇಬಲ್ಲು, ಅದನ್ನು ಯಾರೋ ನನ್ನ ಥರದ ಹುಡುಗ ಯಾವುದೋ ಪುಸ್ತಕ ನೋಡಿ ತುಂಬಿದ್ದು. ಮೇಲಿನ ಅರ್ಧದ ಮರ್ಯಾದೆಯನ್ನು ಕೆಳಗಿನ ಅರ್ಧ ಕದ್ದು ತಿನ್ನುತ್ತೆ. ಖಗೋಳಶಾಸ್ತ್ರದ ಸೆಕೆಂಡು ನೋಡಿ ಜನ ಶಸ್ತ್ರಭಯವನ್ನು ನಂಬ್ತಾರೆ.

"ಸುಮ್ನೆ ಫನ್‌ಗೆ, ಯಾರೂ ಸೀರಿಯಸ್ಸಾಗಿ ತಗೊಳ್ಳಲ್ಲ" ಅಂತೀರಿ. ಹೌದು, ನೀವು ತಗೊಳ್ಳಲ್ಲ. ನಿಮಗೆ ಆಫೀಸಿನ ಇನ್ಶೂರೆನ್ಸ್ ಇದೆ, ಹತ್ತು ನಿಮಿಷದಲ್ಲಿ ಆಸ್ಪತ್ರೆ ಇದೆ, ರಿಟರ್ನ್ ಕೆಟ್ಟದ್ದಾದರೆ ಗೋಕರ್ಣಕ್ಕೆ ಹೋಗಿ ಸ್ಟೋರಿ ಹಾಕ್ತೀರಿ. ನೀವು ಮಾಡಿದ ಆ್ಯಪನ್ನು ಊರಲ್ಲಿ ನಿಮ್ಮಮ್ಮ ಕನ್ನಡದಲ್ಲಿ ಸೆಟ್ ಮಾಡಿಕೊಂಡು ಓದ್ತಾರೆ. ಅವರಿಗೆ ಫನ್ ಅಂತ ಯಾರೂ ಹೇಳಿಲ್ಲ.

ನನ್ನ ಪ್ರೋಗ್ರಾಮು ಡಿಲೀಟ್ ಮಾಡಿದ್ದೀನಿ. ಕೆಲವರಿಗೆ ಈಗಲೂ ಬೇಜಾರು, ಫೋನ್ ಮಾಡಿ ಕೇಳ್ತಾರೆ. ಬಗ್ ಇತ್ತು ಅಂದರೆ "ಪರವಾಗಿಲ್ಲ, ಹಾಗೇ ಕೊಡಿ, ಚೆನ್ನಾಗಿ ಬರ್ತಿತ್ತು" ಅಂತಾರೆ.

ಹೋದ ಕಾರ್ತಿಕದಲ್ಲಿ ಊರಿಗೆ ಹೋದಾಗ ಅಪ್ಪ ಕೇಳಿದರು, "ಈ ವರ್ಷದ ಕಾಗದ ತರ್ನಿಲ್ವಾ?" ಇಲ್ಲ ಅಂದೆ. ಎಡಗಣ್ಣಿಗೆ ಪೊರೆ ಬಂದಿದೆ, ತೆಗೆಸಬೇಕು. ಯಾವತ್ತು ಅಂತ ಡಾಕ್ಟರು ಕೇಳಿದಾಗ ಅಪ್ಪ ನನ್ನ ಮುಖ ನೋಡಿದರು. ನಾನು ಕ್ಯಾಲೆಂಡರ್ ನೋಡ್ತಾ ನನ್ನ ರಜೆ ಎಣಿಸ್ತಿದ್ದೆ. ಅಷ್ಟರಲ್ಲಿ ಅವರೇ "ಮಂಗ್ಳಾರ ಬೆಳಿಗ್ಗೆ ನಮ್ಮೂರ್ ಬಸ್ಸು ಖಾಲಿ ಇರ್ತದೆ, ಅವತ್ತೇ ಹಾಕ್ಬುಡಿ" ಅಂದರು.